ಬೆಂಗಳೂರಿಗೆ ಮನೆ ಸಾಗಿಸಬೇಕೆಂದಿದ್ದೀರಾ? ಗಂಟುಮೂಟೆ ಕಟ್ಟುವ ಮೊದಲು ಇಷ್ಟು ಮಾಡಿ

ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವಷ್ಟರಲ್ಲಿ ಗೊರಗುಂಟೆಪಾಳ್ಯ. 2016ರ ಮೇ ಕೊನೆಯಲ್ಲಿ ನಾನು, ಹೆಂಡತಿ, ಆರು ವರ್ಷದ ಮಗಳು ಹಾಗೇ ಬಂದು ಇಳಿದೆವು. ಹೊರಡುವ ಮೊದಲು ಊರಲ್ಲಿ ಸಿಕ್ಕವರೆಲ್ಲ ಕೇಳಿದ್ದು ಸಂಬಳ ಎಷ್ಟು ಅಂತ. ಅವ್ವ ಮಾತ್ರ ಬೇರೆ ಕೇಳಿದಳು: "ಅಲ್ಲಿ ನೀರು ಹೆಂಗೈತೋ?"

ನನಗೆ ಗೊತ್ತಿರಲಿಲ್ಲ. ಮನೆಯನ್ನೇ ನೋಡದೆ, ಸಂಬಂಧಿಕರ ಮಾತಿನ ಮೇಲೆ ಅಡ್ವಾನ್ಸ್ ಕಳಿಸಿದ್ದೆ. ಮುಂದಿನ ಎರಡು ವರ್ಷದಲ್ಲಿ ನಾವು ಪಟ್ಟ ಕಷ್ಟದಲ್ಲಿ ಮುಕ್ಕಾಲು ಪಾಲು ಆ ಒಂದು ತಪ್ಪಿನಿಂದ ಬಂದದ್ದು.

ಬೆಂಗಳೂರು ಒಳ್ಳೆಯದಾ, ಕೆಟ್ಟದ್ದಾ ಅಂತ ಊರಿನ ಹುಡುಗರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಇಡೀ ಊರಿಗೆ ಒಂದೇ ಉತ್ತರ ಹೇಳಲು ಬರುವುದಿಲ್ಲ. ಕೆಲಸದ ಜಾಗಕ್ಕೂ ಮನೆಗೂ ಎಷ್ಟು ದೂರ, ನಲ್ಲಿಯಲ್ಲಿ ಎಂಥ ನೀರು, ಇವೆರಡು ಸರಿಯಾದರೆ ಬೆಂಗಳೂರು ಬದುಕಲು ಒಳ್ಳೆಯ ಊರು. ಇವೆರಡು ಕೆಟ್ಟರೆ ಎಷ್ಟೇ ಸಂಬಳ ಬಂದರೂ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಅದಕ್ಕೇ ಈ ಎರಡರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮ ರಾಜ್ಯದ ಬೇರೆ ಊರುಗಳಿಂದ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ

ಹೊಸ ಸಂಬಳದಿಂದ ಹಳೆಯ ಸಂಬಳ ಕಳೆಯಿರಿ. ಅದರ ಕೆಳಗೆ, ಊರಲ್ಲಿ ಇಲ್ಲದ, ಬೆಂಗಳೂರಿಗೆ ಬಂದರೆ ಮಾತ್ರ ಶುರುವಾಗುವ ಖರ್ಚುಗಳನ್ನು ಒಂದೊಂದಾಗಿ ಬರೆಯಿರಿ.

ನಮ್ಮದು ಹೀಗಿತ್ತು. ಊರಲ್ಲಿ 18,000, ಪೀಣ್ಯದ ಕಾರ್ಖಾನೆಯಲ್ಲಿ 32,000. ಜಾಸ್ತಿ ಬಂದದ್ದು 14,000. ಊರಲ್ಲಿ ಸ್ವಂತ ಮನೆ, ಜೋಳ ಮತ್ತು ತೊಗರಿ ಹೊಲದಿಂದ ಬರುತ್ತಿತ್ತು, ಹಾಲು ಅಣ್ಣನ ಮನೆಯದು. ಬೆಂಗಳೂರಿನಲ್ಲಿ ಬಾಡಿಗೆ 11,000, ನೀರಿಗೆ 500, ಪೆಟ್ರೋಲ್ 1,500, ಹಾಲು, ಕಾಳು, ತರಕಾರಿಗೆ ಮೊದಲಿಗಿಂತ 2,000 ಜಾಸ್ತಿ, ತಿಂಗಳಿಗೊಮ್ಮೆ ಊರಿಗೆ ಹೋಗಿಬರಲು 1,500, ಶಾಲೆಗೆ ತಿಂಗಳ ಲೆಕ್ಕದಲ್ಲಿ 1,500 ಜಾಸ್ತಿ. ಕೂಡಿದರೆ 18,000. ಅಂದರೆ ಸಂಬಳ 14,000 ಏರಿದರೂ ಪ್ರತಿ ತಿಂಗಳು 4,000 ಕಡಿಮೆ ಬೀಳುತ್ತಿತ್ತು. ಎಂಟು ತಿಂಗಳ ಮೇಲೆ ಹೆಂಡತಿಗೆ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಗೆ ಸರಿಹೋಯಿತು. ಆ ಎಂಟು ತಿಂಗಳು ಉಳಿತಾಯ ಮುರಿದು ತಿಂದೆವು. ಇಂದಿನ ಬಾಡಿಗೆ ಬೇರೆ, ಸಂಬಳ ಬೇರೆ. ಆದರೆ ಲೆಕ್ಕ ಹಾಕುವ ರೀತಿ ಇದೇ.

ಇನ್ನೊಂದು ಮಾತು. ಆಫರ್ ಲೆಟರ್‌ನಲ್ಲಿ ಬರೆದಿರುವುದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು. ಅದರಲ್ಲಿ ಪಿಎಫ್‌ನ ಎರಡೂ ಪಾಲು, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿಸಿರುತ್ತಾರೆ. ಕೈಗೆ ಎಷ್ಟು ಬರುತ್ತದೆ ಅಂತ ಎಚ್‌ಆರ್ ಹತ್ತಿರ ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

ಬಂದಿಳಿಯುವ ದಿನ ಕೈಯಲ್ಲಿ ಬೇಕಾದ ದುಡ್ಡು ಪ್ರತ್ಯೇಕ: ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಬ್ರೋಕರ್ ಇದ್ದರೆ ಅವರಿಗೆ ಒಂದು ತಿಂಗಳ ಬಾಡಿಗೆ, ಲಾರಿ ಬಾಡಿಗೆ, ಅದರ ಮೇಲೆ ಎರಡು ತಿಂಗಳ ಮನೆ ಖರ್ಚು. ಇದಕ್ಕೆ ಬಡ್ಡಿ ಸಾಲ ಮಾಡಬೇಕಾಗಿ ಬಂದರೆ ಆರು ತಿಂಗಳು ತಡೆದು, ಉಳಿಸಿಕೊಂಡು ಬನ್ನಿ.

ಮನೆಯಲ್ಲಿ ಯಾರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ

ದುಡಿಯುವವರಿಗೆ ದೊಡ್ಡ ಲಾಭ ಸಂಬಳ ಅಂದುಕೊಳ್ಳುತ್ತೇವೆ. ನನಗೆ ಕಂಡ ದೊಡ್ಡ ಲಾಭ ಬೇರೆ. ಒಂದು ಕೆಲಸ ಹೋದರೆ ಇನ್ನೊಂದು ಹುಡುಕಲು ಊರು ಬಿಡಬೇಕಿಲ್ಲ. ಪೀಣ್ಯದಲ್ಲಿ ಐಟಿಐ, ಡಿಪ್ಲೊಮಾ ಮಾಡಿದ ಹುಡುಗ ಒಂದು ಶೆಡ್ ಬಿಟ್ಟರೆ ಮುಂದಿನ ಬೀದಿಯಲ್ಲಿ ಕೇಳಬಹುದು. ಬೊಮ್ಮಸಂದ್ರ, ಜಿಗಣಿ ಕಡೆಯೂ ಹಾಗೇ. ಸಾಫ್ಟ್‌ವೇರ್‌ನವರಿಗೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಸಿಗುವ ಸಾಧ್ಯತೆ ನಮ್ಮ ಊರುಗಳಿಗಿಂತ ಇಲ್ಲಿ ಬಹಳ ಜಾಸ್ತಿ. ನಮ್ಮ ಸಂಸಾರ ನಿಂತದ್ದೇ ಅದರಿಂದ.

ಮಕ್ಕಳಿಗೆ ಶಾಲೆ, ಕಾಲೇಜು, ಆಟ, ಸಂಗೀತ ಎಲ್ಲದರಲ್ಲೂ ಆಯ್ಕೆ ಜಾಸ್ತಿ. ಆದರೆ ಓಡಾಡಲು ಬೀದಿ ಇಲ್ಲ. ಊರಲ್ಲಿ ಮಗಳು ಒಬ್ಬಳೇ ಅಂಗಡಿಗೆ ಹೋಗಿ ಬರುತ್ತಿದ್ದಳು. ಇಲ್ಲಿ ಹತ್ತು ವರ್ಷ ತುಂಬುವವರೆಗೂ ನಾವು ಅವಳನ್ನು ಒಬ್ಬಳನ್ನೇ ರಸ್ತೆ ದಾಟಿಸಲಿಲ್ಲ. ಮನೆ ನೋಡುವಾಗ ನಡೆದು ಹೋಗುವಷ್ಟು ಹತ್ತಿರ ಪಾರ್ಕ್ ಇದೆಯಾ ನೋಡಿ. ಜಯನಗರ, ರಾಜಾಜಿನಗರ, ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಇರುತ್ತದೆ. ಹೊಸದಾಗಿ ಎದ್ದ ಕಡೆ ಬಹಳ ಸಲ ಇರುವುದಿಲ್ಲ.

ವಯಸ್ಸಾದವರ ವಿಷಯದಲ್ಲಿ ತುಂಬ ಯೋಚಿಸಿ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್. ಮೂರೂ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳು, ಮೂರೂ ಬೆಂಗಳೂರಿನ ದಕ್ಷಿಣದಲ್ಲಿ ಒಂದಕ್ಕೊಂದು ಹತ್ತಿರವೇ ಇವೆ. ಪದೇ ಪದೇ ತಪಾಸಣೆ ಬೇಕಾದವರಿಗೆ ಪ್ರತಿ ಸಲ ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಇದು ಸಣ್ಣ ವಿಷಯ ಅಲ್ಲ. ಆದರೆ ನಮ್ಮ ಅಪ್ಪ ಇಲ್ಲಿ ಮೂರು ತಿಂಗಳು ಇದ್ದಾಗ ಬೆಳಿಗ್ಗೆ ಎದ್ದು, ಪಂಚೆ ಉಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತುಬಿಡುತ್ತಿದ್ದರು. ಊರಲ್ಲಿ ಆ ಹೊತ್ತಿಗೆ ಬಸವಣ್ಣನ ಗುಡಿ ಕಟ್ಟೆಗೆ ಹೋಗುವ ರೂಢಿ. ಇಲ್ಲಿ ಹೋಗಲು ಕಟ್ಟೆ ಇಲ್ಲ, ಮಾತಿಗೆ ಜನ ಇಲ್ಲ. ಅರ್ಧ ಗಂಟೆ ನಿಂತು ಒಳಗೆ ಬರುತ್ತಿದ್ದರು. ಅದನ್ನು ನೋಡಿದ ಮೇಲೆ ನಾವು ಅವರನ್ನು ಇಲ್ಲೇ ಇರಿ ಅಂತ ಒತ್ತಾಯ ಮಾಡಲಿಲ್ಲ. ನಿಮ್ಮ ತಂದೆತಾಯಿಯನ್ನು ಕರೆತರುವುದಾದರೆ, ಮೊದಲು ಒಂದು ತಿಂಗಳು ಇಟ್ಟುಕೊಂಡು ನೋಡಿ. ಊರ ಮನೆಗೆ ಬೀಗ ಹಾಕಿಸಬೇಡಿ.

ಹವೆ ಬಗ್ಗೆ ಎಲ್ಲರೂ ಹೇಳುವುದು ನಿಜ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರು, ರಾಯಚೂರು, ಕಲಬುರಗಿ ಬಿಸಿಲು ಕಂಡವರಿಗೆ ಇಲ್ಲಿಯ ಏಪ್ರಿಲ್ ಹಗುರ ಅನಿಸುತ್ತದೆ. ಹೊಗೆ, ದೂಳು ಮಾತ್ರ ಜಾಸ್ತಿ. ಉಬ್ಬಸ ಇರುವವರು ಮುಖ್ಯರಸ್ತೆಯ ಮೇಲಿನ ಮನೆ ಹಿಡಿಯಬೇಡಿ.

ಮೊದಲು ಒಬ್ಬರೇ ಬನ್ನಿ

ನಾನು ಮಾಡದೇ ಇದ್ದದ್ದು ಇದು, ಬೇರೆ ಎಲ್ಲರಿಗೂ ಹೇಳುವುದೂ ಇದೇ. ಕೆಲಸ ಸಿಕ್ಕಿದವರು ಮೊದಲು ಎರಡು ಮೂರು ತಿಂಗಳು ಪಿಜಿಯಲ್ಲಿ ಇರಿ. ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಇದ್ದರೆ ಸಾಕು, ಚೆನ್ನಾಗಿರಬೇಕಿಲ್ಲ. ಕೆಲಸ ಗಟ್ಟಿಯೋ ಅಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಭಾನುವಾರ ಸುಮ್ನೆ ಕೋಣೆಯಲ್ಲಿ ಮಲಗಬೇಡಿ. ಒಂದೊಂದು ವಾರ ಒಂದೊಂದು ಬಡಾವಣೆಯಲ್ಲಿ ನಡೆಯಿರಿ. ಗೇಟುಗಳ ಮೇಲೆ "ಮನೆ ಬಾಡಿಗೆಗೆ ಇದೆ" ಬೋರ್ಡ್ ಇನ್ನೂ ನೇತುಹಾಕುತ್ತಾರೆ. ಹಾಗೆ ಸಿಕ್ಕ ಮನೆಗೆ ಬ್ರೋಕರ್ ದುಡ್ಡು ಇಲ್ಲ. ಮೂಲೆಯ ಕಿರಾಣಿ ಅಂಗಡಿಯವರನ್ನು, ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾವ ಮನೆ ಖಾಲಿ ಆಗುತ್ತಿದೆ, ಯಾಕೆ ಖಾಲಿ ಆಗುತ್ತಿದೆ ಎರಡೂ ಅವರಿಗೆ ಗೊತ್ತಿರುತ್ತದೆ.

ಮನೆ ನೋಡುವ ಮುಂಚೆ ಟೋಕನ್ ಕಳಿಸಿ ಅಂತ ಯಾರಾದರೂ ಕ್ಯೂಆರ್ ಕೋಡ್ ಕಳಿಸಿದರೆ ಆ ಮಾತು ಅಲ್ಲಿಗೇ ನಿಲ್ಲಿಸಿ. ಚೆಂದದ ಫೋಟೊ, ಕಡಿಮೆ ಬಾಡಿಗೆ, ಮಾಲೀಕರು ಬೇರೆ ಊರಿನಲ್ಲಿದ್ದಾರೆ ಅನ್ನುವ ಕಥೆ, ಇಷ್ಟು ಸೇರಿದರೆ ಅದು ಮೋಸ.

ಏರಿಯಾ ಆರಿಸುವುದು: ಕೆಲಸ ಮೊದಲು, ಸಂಬಂಧಿಕರು ಆಮೇಲೆ

ನನ್ನ ಕೆಲಸ ಪೀಣ್ಯದಲ್ಲಿ. ಮನೆ ಹಿಡಿದದ್ದು ಜೆ.ಪಿ. ನಗರದ ಆಚೆ, ದೊಡ್ಡಮ್ಮನ ಮಗ ಅಲ್ಲಿದ್ದಾನೆ ಅಂತ. ಹೋಗುವುದು 20 ಕಿ.ಮೀ., ಬರುವುದು 20 ಕಿ.ಮೀ. ಬೈಕಿನಲ್ಲಿ ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಅದಕ್ಕಿಂತ ಜಾಸ್ತಿ. ಮನೆಗೆ ಬಂದು ಹೆಲ್ಮೆಟ್ ತೆಗೆದರೆ ಮಾತಾಡಲು ತ್ರಾಣ ಇರುತ್ತಿರಲಿಲ್ಲ. ಮಗಳು ಅಷ್ಟೊತ್ತಿಗೆ ಊಟ ಮಾಡಿ ಮಲಗಿರುತ್ತಿದ್ದಳು. ದೊಡ್ಡಮ್ಮನ ಮಗನನ್ನು ಒಂಬತ್ತು ತಿಂಗಳಲ್ಲಿ ನಾಲ್ಕು ಸಲ ಭೇಟಿ ಆಗಿರಬಹುದು. ಸಂಬಂಧಿಕರ ಹತ್ತಿರ ಇರಬೇಕು ಅನ್ನುವ ಆಸೆ ಸಹಜ, ಆದರೆ ಅವರೂ ಇಲ್ಲಿ ದುಡಿಯಲು ಬಂದವರೇ ಅಲ್ವಾ.

ಆದ್ದರಿಂದ ಮೊದಲು ಆಫೀಸಿನ ಜಾಗ ಗುರುತು ಮಾಡಿ. ಅದಕ್ಕೆ ನಡೆದು ಅಥವಾ ಮೆಟ್ರೊದಲ್ಲಿ ಹೋಗುವಂಥ ಕಡೆ ಮನೆ ನೋಡಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್ ಮೂಲಕ ವೈಟ್‌ಫೀಲ್ಡ್‌ಗೆ ಹೋಗುತ್ತದೆ. ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದಿಂದ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇದ್ದವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಲ್ಲುವ ಕಷ್ಟ ಇದರಿಂದ ತಪ್ಪಿತು. 2025ರ ಫೆಬ್ರವರಿಯ ಏರಿಕೆಯಲ್ಲಿ ಮೆಟ್ರೊದ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ರೂಪಾಯಿ ಆಯಿತು. ದಿನಾ ದೂರ ಹೋಗುವವರಿಗೆ ಇದು ಭಾರವೇ, ಲೆಕ್ಕದ ಹಾಳೆಯಲ್ಲಿ ಬರೆದುಕೊಳ್ಳಿ. ಮಾರತ್ತಹಳ್ಳಿ, ಬೆಳ್ಳಂದೂರು ಕಡೆ ಕೆಲಸ ಇದ್ದರೆ ಮಾತ್ರ ತುಂಬ ಹುಷಾರು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಂ ಕಡೆಯ ಮೆಟ್ರೊ ಓಡುವವರೆಗೆ ಅಲ್ಲೇ ಹತ್ತಿರ ಮನೆ ಹಿಡಿಯುವುದೇ ವಾಸಿ.

ಅಡ್ವಾನ್ಸ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಸೋಮವಾರ ಬೆಳಿಗ್ಗೆ 8.30ಕ್ಕೆ ಆ ಮನೆಯ ಗೇಟಿನಿಂದ ಆಫೀಸಿನ ಗೇಟಿನವರೆಗೆ ನೀವೇ ಹೋಗಿ. ಸಂಜೆ 6.30ಕ್ಕೆ ವಾಪಸ್ ಬನ್ನಿ. ಮಳೆ ಬಂದ ದಿನ ಆದರೆ ಇನ್ನೂ ಒಳ್ಳೆಯದು. ಒಂದು ಕಡೆಗೆ 45 ನಿಮಿಷ ದಾಟಿದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಬಾಡಿಗೆ 2,000 ಜಾಸ್ತಿ ಕೊಟ್ಟು ಹತ್ತಿರ ಇರುವುದು ನಷ್ಟ ಅಲ್ಲ. ದಿನಕ್ಕೆ ಎರಡು ಗಂಟೆ ಉಳಿದರೆ ತಿಂಗಳಿಗೆ 50 ಗಂಟೆ ನಿಮ್ಮದಾಗುತ್ತದೆ.

ಎರಡು ಏರಿಯಾ ಸರಿಸಮ ಅನಿಸಿದಾಗ ಊರಿನ ದಿಕ್ಕು ನೋಡಿ. ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಕಡೆಯವರಿಗೆ ದಾಸರಹಳ್ಳಿ, ನಾಗಸಂದ್ರ, ರಾಜಾಜಿನಗರ ಅನುಕೂಲ. ರಾತ್ರಿ ಬಸ್ಸು ಮನೆಯ ಹತ್ತಿರವೇ ಇಳಿಸಿ ಹೋಗುತ್ತದೆ. ರೈಲಿಗೆ ಯಶವಂತಪುರ ಹತ್ತಿರ. ಮಂಡ್ಯ, ಮೈಸೂರು, ಕೊಡಗಿನವರಿಗೆ ಕೆಂಗೇರಿ, ಮೈಸೂರು ರಸ್ತೆ. ಕೋಲಾರದವರಿಗೆ ಕೆ.ಆರ್. ಪುರಂ. ಊರಲ್ಲಿ ಏನಾದರೂ ಆಯಿತು ಅಂತ ನಡುರಾತ್ರಿ ಫೋನ್ ಬಂದಾಗ ಈ ಮಾತಿನ ಬೆಲೆ ತಿಳಿಯುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬಿಟ್ಟು ಇರಲಾರದವರಿಗೆ ವಿಜಯನಗರ, ರಾಜಾಜಿನಗರದಲ್ಲಿ ಖಾನಾವಳಿಗಳು ಬೇಕಾದಷ್ಟಿವೆ.

ನಲ್ಲಿ ತಿರುಗಿಸಿ ನೋಡಿ

ಬೆಂಗಳೂರಿನೊಳಗೆ ದೊಡ್ಡ ನದಿ ಇಲ್ಲ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿ ಪಂಪ್ ಮನೆಗಳ ಮೂಲಕ ಮೇಲಕ್ಕೆತ್ತಿ ತರುತ್ತಾರೆ. ಹಳೇ ಬಡಾವಣೆಗಳಿಗೆ ಈ ನೀರು ಬರುತ್ತದೆ, ಬಹಳ ಕಡೆ ದಿನ ಬಿಟ್ಟು ದಿನ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಹಾಗಂತ ಆ ಕಡೆಯ ಪ್ರತಿ ಮನೆಗೂ ಸಂಪರ್ಕ ಇದೆ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಪೈಪ್ ಇದ್ದರೂ ಮಾಲೀಕರು ದುಡ್ಡು ಕಟ್ಟಿ ಸಂಪರ್ಕ ತೆಗೆದುಕೊಂಡಿರಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಜನ ಎಷ್ಟು ಪರದಾಡಿದರು ಅನ್ನುವುದು ನಿಮಗೂ ನೆನಪಿರಬೇಕು.

ಪೀಣ್ಯಕ್ಕೆ ಹತ್ತಿರ ಅಂತ ನಾವು ಹಿಡಿದ ಎರಡನೇ ಮನೆಯಲ್ಲಿ ಬರೀ ಬೋರ್ ನೀರು. ಮೊದಲ ದಿನ ಹೆಂಡತಿ ಕುಕ್ಕರ್‌ನಲ್ಲಿ ತೊಗರಿಬೇಳೆ ಇಟ್ಟಳು. ಊರಲ್ಲಿ ಮೂರು ಸೀಟಿಗೆ ಬೇಯುವ ಬೇಳೆ ಆರು ಸೀಟಿ ಆದರೂ ಕಾಳು ಕಾಳಾಗಿ ತಳದಲ್ಲಿ ಉಳಿದಿತ್ತು. ಬೇಳೆ ನಮ್ಮ ಹೊಲದ್ದೇ, ಕೆಟ್ಟದ್ದಿರಲಿಲ್ಲ. ನೀರು ಗಡಸು. ಎರಡು ವಾರದಲ್ಲಿ ಸ್ನಾನದ ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತು, ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ದೀಪಾವಳಿಗೆ ಬಂದ ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಏನೂ ಅನ್ನಲಿಲ್ಲ. ಅವತ್ತಿನಿಂದ ಅಡುಗೆಗೂ ಕುಡಿಯಲೂ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಹೊತ್ತು ತರುವುದು ನನ್ನ ಕೆಲಸ ಆಯಿತು.

ಆದ್ದರಿಂದ ಮನೆ ನೋಡಲು ಹೋದಾಗ ಟೈಲ್ಸ್, ಬಣ್ಣ ನೋಡುವ ಮೊದಲು ಇದನ್ನು ನೋಡಿ. ಬಚ್ಚಲಿನ ನಲ್ಲಿಯ ಬುಡದಲ್ಲಿ, ಷವರ್‌ನ ತೂತುಗಳಲ್ಲಿ ಬಿಳಿ ಕಲೆ ಕಟ್ಟಿದೆಯಾ? ಕಟ್ಟಿದ್ದರೆ ಗಡಸು ನೀರು. ಕಾವೇರಿ ಸಂಪರ್ಕ ಇದೆ ಅಂದರೆ ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಸಂಪ್ ಎಷ್ಟು ಲೀಟರಿನದು, ಅದರಲ್ಲಿ ಎಷ್ಟು ಮನೆಗೆ ನೀರು ಹೋಗುತ್ತದೆ ಕೇಳಿ. ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡಬೇಕು ಅನ್ನುವುದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ. ಮಾಲೀಕರ ಉತ್ತರ ಕೇಳಿಕೊಂಡು, ಕೆಳಗಿನ ಮನೆಯ ಬಾಡಿಗೆದಾರರನ್ನು ಬೇರೆಯಾಗಿ ಕೇಳಿ: "ಹೋದ ಏಪ್ರಿಲ್‌ನಲ್ಲಿ ನೀರು ಹೇಗಿತ್ತು ಅಕ್ಕಾ?" ಇದೊಂದು ಪ್ರಶ್ನೆಗೆ ಸಿಗುವ ಉತ್ತರ ಸಾಕು.

ಕುಡಿಯುವ ನೀರಿನಂತೆ ಮಳೆ ನೀರನ್ನೂ ಕೇಳಿ. ಇಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಜೋರು ಮಳೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆ ಮನೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದರು. ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಪಕ್ಕದ ಮನೆ, ರಸ್ತೆಗಿಂತ ತಗ್ಗಿನಲ್ಲಿರುವ ನೆಲಮಹಡಿ, ಎರಡೂ ಬೇಡ. ಗೋಡೆಯ ಕೆಳಭಾಗದಲ್ಲಿ ಹೊಸ ಬಣ್ಣ ಒಂದಡಿ ಎತ್ತರಕ್ಕೆ ಮಾತ್ರ ಬಳಿದಿದ್ದರೆ ಯಾಕೆ ಅಂತ ಕೇಳಿ.

ಅಡ್ವಾನ್ಸ್ ಮತ್ತು ಅಗ್ರಿಮೆಂಟ್

ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇತ್ತು. ಈಗ ಐದು, ಆರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅನ್ನುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ಇಲ್ಲಿ ನಡೆಯುವುದು ಮಾತುಕತೆ. ಚೌಕಾಶಿ ಮಾಡಿ. ಬಾಡಿಗೆ 500 ಇಳಿಸಿಕೊಳ್ಳುವುದಕ್ಕಿಂತ ಅಡ್ವಾನ್ಸ್ ಎರಡು ತಿಂಗಳದ್ದು ಇಳಿಸಿಕೊಳ್ಳುವುದು ಹೊಸದಾಗಿ ಬಂದವರಿಗೆ ಜಾಸ್ತಿ ಉಪಯೋಗ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷದಿಂದ ಮೇಲ್ಪಟ್ಟ ಕರಾರನ್ನು ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಲು ಹೀಗೆ. ಓದದೆ ಸಹಿ ಹಾಕಬೇಡಿ. ಮುಖ್ಯವಾಗಿ ನಾಲ್ಕು ಜಾಗ ನೋಡಿ: ಬಿಡುವ ಮುಂಚೆ ಎಷ್ಟು ತಿಂಗಳು ಮೊದಲು ಹೇಳಬೇಕು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಯಾವಾಗ ವಾಪಸ್. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ಮಾಮೂಲು. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ವಿದ್ಯುತ್ ಬಿಲ್, ಕಂದಾಯದ ರಸೀದಿ ಅವರ ಹೆಸರಿನಲ್ಲೇ ಇದೆಯಾ ನೋಡಿ.

ಬೀಗದ ಕೈ ಸಿಕ್ಕ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯ ವಿಡಿಯೊ ಮಾಡಿ. ಸಿಂಕ್, ನಲ್ಲಿ, ಕಿಟಕಿ ಗಾಜು, ಗೋಡೆಯ ಮೊಳೆ ಗುರುತು ಎಲ್ಲ ಬರಲಿ. ಅದನ್ನು ಅವತ್ತೇ ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ನಮ್ಮ ಮೊದಲ ಮನೆಯಲ್ಲಿ ಸಿಂಕ್ ನಾವು ಬರುವ ಮೊದಲೇ ಸೀಳಿತ್ತು. ಬಿಡುವಾಗ ಪೇಂಟಿಂಗ್‌ಗೆ 11,000, ಸಿಂಕ್ ಮತ್ತು ನಲ್ಲಿಗೆ 7,000, ಒಟ್ಟು 18,000 ಹಿಡಿದುಕೊಂಡರು. ಅದು ಮೊದಲೇ ಸೀಳಿತ್ತು ಅಂತ ತೋರಿಸಲು ನನ್ನ ಹತ್ತಿರ ಒಂದು ಫೋಟೊ ಇರಲಿಲ್ಲ. ಒಂದು ತಿಂಗಳ ದುಡಿಮೆಯ ಅರ್ಧಕ್ಕಿಂತ ಜಾಸ್ತಿ ಅದು.

ಭೋಗ್ಯದ ಮನೆ ಬಗ್ಗೆಯೂ ಹೇಳಬೇಕು. ಲೀಸ್ ಅಂತಾರೆ. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್ ಅನ್ನುವ ಮಾತು. ಹೊಲ ಮಾರಿದ ದುಡ್ಡು ಕೈಯಲ್ಲಿದ್ದವರಿಗೆ ಇದು ಬಹಳ ಆಸೆ ಹುಟ್ಟಿಸುತ್ತದೆ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಮಾಲೀಕರು ಕಂತು ಕಟ್ಟದೆ ಇದ್ದರೆ, ಬ್ಯಾಂಕಿನವರು ಮನೆಗೆ ಬಂದಾಗ ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಭೋಗ್ಯಕ್ಕೆ ಹೋಗಲೇಬೇಕು ಅಂದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿ, ಗೊತ್ತಿರುವ ವಕೀಲರಿಗೆ ತೋರಿಸಿ, ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮಾಲೀಕರು ನೋಂದಣಿ ಬೇಡ ಅಂದರೆ ಆ ಮನೆ ನಿಮಗೆ ಬೇಡ. ನನ್ನ ಕೇಳಿದರೆ ಮೊದಲ ಎರಡು ವರ್ಷ ಭೋಗ್ಯದ ಹತ್ತಿರ ಹೋಗಲೇಬೇಡಿ.

ಶಾಲೆ

ಮನೆ ಸಾಗಿಸುವ ತಿಂಗಳನ್ನು ಶಾಲೆಯೇ ತೀರ್ಮಾನಿಸಬೇಕು. ಏಪ್ರಿಲ್, ಮೇ ಬಿಟ್ಟು ಬೇರೆ ಹೊತ್ತಿನಲ್ಲಿ ಬಂದರೆ ಮಕ್ಕಳಿಗೆ ಕಷ್ಟ. ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ಸೀಟು ಅದಕ್ಕೂ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತದೆ, ಆದ್ದರಿಂದ ವಿಚಾರಣೆ ಹಿಂದಿನ ಡಿಸೆಂಬರ್‌ನಲ್ಲೇ ಶುರು ಮಾಡಿ. ಹಳೇ ಶಾಲೆಯಿಂದ ಟಿಸಿ, ಅಂಕಪಟ್ಟಿ, ಮಗುವಿನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ನಂಬರ್) ಮರೆಯದೆ ತನ್ನಿ. ಆ ನಂಬರ್ ಇದ್ದರೆ ರಾಜ್ಯದೊಳಗೆ ವರ್ಗಾವಣೆ ಸಲೀಸು. ಕನ್ನಡ ತಪ್ಪಿಹೋಗುತ್ತದಾ ಅಂತ ಕೇಳುವವರಿಗೆ: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಎಲ್ಲ ಬೋರ್ಡಿನ ಶಾಲೆಗಳೂ ಕನ್ನಡ ಕಲಿಸಬೇಕು. ಹೇಗೆ ಕಲಿಸುತ್ತಾರೆ ಅನ್ನುವುದನ್ನು ನೀವೇ ಹೋಗಿ, ಮಕ್ಕಳ ನೋಟ್ ಪುಸ್ತಕ ನೋಡಿ ತಿಳಿಯಿರಿ.

ನನ್ನ ಮಗಳು ಮೊದಲ ದಿನ ಟೀಚರ್‌ಗೆ "ಹೌದ್ರೀ" ಅಂದಳಂತೆ. ತರಗತಿ ನಕ್ಕಿತು. ಅವಳು ಒಂದು ವಾರ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಆ ಟೀಚರ್ ಅವಳನ್ನು ಮುಂದೆ ಕರೆದು, ನಿಮ್ಮೂರಲ್ಲಿ ಏನೇನಕ್ಕೆ ಏನೇನಂತಾರೆ ಹೇಳು ಅಂತ ಕೇಳಿದರು. ಅವಳು ಇಪ್ಪತ್ತು ಮಾತು ಹೇಳಿ ಬಂದಳು, ಮನೆಗೆ ಬಂದು ನಮಗೂ ಹೇಳಿದಳು. ನಿಮ್ಮ ಮಕ್ಕಳಿಗೂ ಹೀಗಾಗಬಹುದು. ಮೊದಲೇ ಕೂರಿಸಿಕೊಂಡು ಹೇಳಿ, ನಮ್ಮ ಮಾತೂ ಕನ್ನಡವೇ ಅಂತ.

ಸಾಮಾನು, ಕಾಗದಪತ್ರ

ಲಾರಿಗೆ ಎಲ್ಲ ಹೇರಿಕೊಂಡು ಬರಬೇಡಿ. ಇಲ್ಲಿಯ ಎರಡು ಕೋಣೆ ಮನೆಗೆ ಊರಿನ ದೊಡ್ಡ ಮಂಚ, ಬೀರು ಹಿಡಿಯುವುದಿಲ್ಲ, ಕೆಲವು ಮನೆಗಳ ಮೆಟ್ಟಿಲಲ್ಲಿ ತಿರುಗುವುದೂ ಇಲ್ಲ. ಕಾಳು, ಹಿಟ್ಟು, ಖಾರದಪುಡಿ, ರೊಟ್ಟಿ ಹಂಚು ಮರೆಯಬೇಡಿ.

ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ವರ್ಗಾವಣೆ ವೋಚರ್ ತೆಗೆದುಕೊಳ್ಳಿ. ಗೃಹಜ್ಯೋತಿ ಪಡೆಯುತ್ತಿದ್ದರೆ, ಹಳೇ ಮನೆಯ ಮೀಟರ್‌ನಿಂದ ನಿಮ್ಮ ಆಧಾರ್ ಅನ್ನು ಡಿ-ಲಿಂಕ್ ಮಾಡಿಸಿದ ಮೇಲೇ ಹೊಸ ಮೀಟರ್‌ಗೆ ಅರ್ಜಿ ಹಾಕಲು ಬರುತ್ತದೆ. ಬಾಡಿಗೆದಾರರಿಗೂ ಈ ಯೋಜನೆ ಇದೆ, ಮಾಲೀಕರು ಇಲ್ಲ ಅಂದರೆ ನಂಬಬೇಡಿ. ಹೊಸ ಮನೆಯಲ್ಲಿ ಹಿಂದಿನ ಬಾಡಿಗೆದಾರರು ಡಿ-ಲಿಂಕ್ ಮಾಡಿದ್ದಾರಾ ಅಂತ ಅಡ್ವಾನ್ಸ್ ಕೊಡುವ ದಿನವೇ ಕೇಳಿ. ರೇಷನ್ ಕಾರ್ಡ್ ಬದಲಿಸಲು ಓಡಾಡಬೇಕಿಲ್ಲ, ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತೆಗೆದುಕೊಳ್ಳಬಹುದು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ. ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲೂ, ಊರಿಗೆ ಹೋಗುವ ವೇಗದೂತ ಬಸ್ಸಿನಲ್ಲೂ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ.

ಮೊದಲ ಆರು ತಿಂಗಳು

ಬಂದ ವಾರದಲ್ಲೇ ಪಕ್ಕದ ಮನೆಯವರ ಹೆಸರು, ಫೋನ್ ನಂಬರ್ ತಿಳಿದುಕೊಳ್ಳಿ. ಇಲ್ಲಿ ಯಾರೂ ತಾವಾಗಿ ಬಂದು ಮಾತಾಡಿಸುವುದಿಲ್ಲ, ಹಾಗಂತ ಅವರು ಕೆಟ್ಟವರಲ್ಲ. ನಾವು ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಶುರು ಮಾಡಿದೆವು. ಮಗಳಿಗೆ ಜ್ವರ ಬಂದ ರಾತ್ರಿ ನಾನು ಎರಡನೇ ಪಾಳಿಯಲ್ಲಿದ್ದೆ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆ ಮನೆಯವರೇ. ಹಸಿ ಕಸ, ಒಣ ಕಸ ಬೇರೆ ಬೇರೆ ಇಡಿ, ಬೆಳಿಗ್ಗೆ ಕಸದ ಆಟೊ ಬರುವ ಹೊತ್ತು ಕೇಳಿಕೊಳ್ಳಿ.

ಈ ಆರು ತಿಂಗಳಲ್ಲಿ ಊರಿನ ಮನೆ, ಸೈಟು, ಹೊಲ ಏನನ್ನೂ ಮಾರಬೇಡಿ. ಇಲ್ಲಿ ಸೈಟು ಕೊಳ್ಳುವ ಮಾತಿಗೂ ಹೋಗಬೇಡಿ. ಎ ಖಾತಾ, ಬಿ ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಎರಡು ಬಗೆ) ಅಂದರೆ ಏನು ಅಂತ ಸರಿಯಾಗಿ ತಿಳಿಯದೆ ಅಡ್ವಾನ್ಸ್ ಕೊಟ್ಟು ಸಿಕ್ಕಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ಆರನೇ ತಿಂಗಳ ಕೊನೆಯ ಭಾನುವಾರ ಮನೆಯವರೆಲ್ಲ ಒಟ್ಟಿಗೆ ಕೂತು, ಮೊದಲು ಬರೆದ ಲೆಕ್ಕದ ಹಾಳೆ ತೆಗೆಯಿರಿ. ಅಂದುಕೊಂಡ ಖರ್ಚಿನ ಪಕ್ಕದಲ್ಲಿ ನಿಜವಾಗಿ ಆದ ಖರ್ಚು ಬರೆಯಿರಿ. ಹೆಂಡತಿಯನ್ನು ಕೇಳಿ, ಮಕ್ಕಳನ್ನು ಕೇಳಿ, ಇಲ್ಲಿ ಏನು ಹಿಡಿಸಿತು, ಏನು ಆಗುತ್ತಿಲ್ಲ ಅಂತ. ತೊಂದರೆ ದೂರದ್ದೋ ನೀರಿನದ್ದೋ ಆದರೆ ಊರಿಗೆ ವಾಪಸ್ ಹೋಗುವ ಮಾತಿಗಿಂತ ಮೊದಲು ಮನೆ ಬದಲಿಸಿ ನೋಡಿ. ಅಗ್ರಿಮೆಂಟ್‌ನಲ್ಲಿ ಒಂದು ತಿಂಗಳು ಮೊದಲು ಹೇಳಬೇಕು ಅಂತಿದ್ದರೆ, ಆ ಮಾತನ್ನು ವಾಟ್ಸಾಪ್‌ನಲ್ಲಿ ಬರೆದು, ತಾರೀಖು ಹಾಕಿ ಕಳಿಸಿ. ನಾವು ಮೂರನೇ ಮನೆ ಹುಡುಕಿದ್ದು ಹೀಗೇ. ಪೀಣ್ಯದಿಂದ ಬೈಕಿನಲ್ಲಿ 20 ನಿಮಿಷ, ದಿನ ಬಿಟ್ಟು ದಿನ ಕಾವೇರಿ ನೀರು, ಬಾಡಿಗೆ 1,500 ಜಾಸ್ತಿ. ಬೇಳೆ ಮೂರು ಸೀಟಿಗೆ ಬೇಯುತ್ತದೆ.